ಕಣಿವೆ ಉಳಿಯಬೇಕಾದರೆ ಮನೆಯ ಲೆಕ್ಕ ಸರಿಯಾಗಲಿ

ಕನ್ನಡ ನಾಡಿಗೆ ಬೆಳಕು ಕೊಟ್ಟ ನೆಲ ಮಲೆನಾಡು. 1948ರಲ್ಲಿ ಜೋಗದ ಬಳಿ ಜಲವಿದ್ಯುದಾಗಾರ ಆರಂಭವಾಯಿತು. ಇಂದು ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ನೀರು ಒದಗಿಸಿತು. ಮುಂದೆ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳೂ ವಾರಾಹಿಗೆ ಮಾಣಿ ಅಣೆಕಟ್ಟೂ ಬಂದವು. 2000ದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರವು ವಾಣಿಜ್ಯ ಉತ್ಪಾದನೆಗೆ ತೊಡಗಿತು. ಇಷ್ಟೆಲ್ಲ ಆದ ಮೇಲೂ ಈ ಸೀಮೆಯ ಹಳ್ಳಿಗಳಲ್ಲಿ ಜೂನ್ ತಿಂಗಳ ಮೊದಲ ಗಾಳಿಮಳೆಗೆ ಕಂಬ ಬಿದ್ದರೆ ವಾರಗಟ್ಟಲೆ ಕತ್ತಲೆ ತಪ್ಪಿಲ್ಲ. ಶರಾವತಿಯ ಹಿನ್ನೀರಿನಾಚೆಯ ತುಮರಿ ಭಾಗದ ಜನರು ನಾಡಿನ ಬೆಳಕಿಗಾಗಿ ಗದ್ದೆ ತೋಟಗಳನ್ನು ಬಿಟ್ಟುಕೊಟ್ಟರು. ಅವರ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಗೊಂಡದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಲಾಂಚೇ ಅವರಿಗೆ ಆಧಾರವಾಗಿತ್ತು.

ಈ ಇತಿಹಾಸ ನಮ್ಮ ಓದುಗರಿಗೆ ಹೊಸದಲ್ಲ. ಇದೇ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವಾಟ್ ಸಾಮರ್ಥ್ಯದ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವವಿದೆ ಎಂಬುದೂ ಹೊಸದಲ್ಲ. ಸಿಂಗಳೀಕಗಳ ಅಭಯಾರಣ್ಯವಾಗಿರುವ ಕಣಿವೆಯೊಳಗೆ ಸುರಂಗ ಕೊರೆದು, ಬೇಡಿಕೆ ಕಡಿಮೆ ಇರುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಅದನ್ನೇ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು ಇದರ ಸಾರಾಂಶ. ಇಂಥ ಯಾವ ಯೋಜನೆಯೂ ಹೊಸದಾಗಿ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ನೀರೆತ್ತಲು 100 ಯೂನಿಟ್ ವ್ಯಯಿಸಿದರೆ ಮರಳಿ ದೊರೆಯುವುದು 75ರಿಂದ 80 ಯೂನಿಟ್. ಉಳಿದದ್ದು ದಾರಿಯಲ್ಲಿ ಖರ್ಚು. ಬಿಸಿಲು ಮತ್ತು ಗಾಳಿಯ ವಿದ್ಯುತ್ತನ್ನು ಕೂಡಿಡಲು ಇದು ಅನಿವಾರ್ಯವೆಂದು ಪರವಾದವರು ಹೇಳುತ್ತಾರೆ. ಕೂಡಿಡುವ ವ್ಯವಸ್ಥೆ ಬೇಕೆಂಬುದು ಸುಳ್ಳಲ್ಲ. ಅದನ್ನು ಈ ಕಣಿವೆಯಲ್ಲೇ ಮಾಡಬೇಕೆ ಎಂಬುದು ಪ್ರಶ್ನೆ. ಪ್ರಸ್ತಾವಕ್ಕೆ ನಮ್ಮ ವಿರೋಧವಿದೆ. ಅದರ ಕಾರಣಗಳನ್ನು ಮತ್ತೆ ಪಟ್ಟಿ ಮಾಡುವುದು ಈ ಸಂಪಾದಕೀಯದ ಉದ್ದೇಶವಲ್ಲ.

ಉದ್ದೇಶವಿರುವುದು ಬೇರೊಂದು ಪ್ರಶ್ನೆಯನ್ನು ಎತ್ತಿಕೊಳ್ಳಲು. ಅಹವಾಲು ಸಭೆಗಳಲ್ಲಿ, ಜಾಥಾಗಳಲ್ಲಿ, ಕಾಲೇಜಿನ ಚರ್ಚಾಕೂಟಗಳಲ್ಲಿ ನಮ್ಮ ಕಾರ್ಯಕರ್ತರು ಮತ್ತೆ ಮತ್ತೆ ಎದುರಿಸುವ ಮಾತೊಂದಿದೆ: “ನಿಮಗೂ ಕರೆಂಟ್ ಬೇಕು, ಯೋಜನೆ ಮಾತ್ರ ಬೇಡ. ಇದು ಯಾವ ನ್ಯಾಯ?” ಹೀಗೆ ಕೇಳುವವರೆಲ್ಲ ನಮ್ಮ ವಿರೋಧಿಗಳಲ್ಲ, ಎಷ್ಟೋ ಸಲ ಅವರು ನಮ್ಮದೇ ಊರಿನ ಯುವಕರು. ಈ ಪ್ರಶ್ನೆಗೆ ಸಿಟ್ಟಿನಿಂದ ಉತ್ತರಿಸಲು ಸಾಧ್ಯವಿಲ್ಲ. ನಮ್ಮ ಮನೆಯ ಒಲೆ, ಬಚ್ಚಲು, ಕೊಟ್ಟಿಗೆ ಮತ್ತು ಮೀಟರ್ ಪೆಟ್ಟಿಗೆಯ ಲೆಕ್ಕವನ್ನು ಮುಂದಿಟ್ಟು ಉತ್ತರಿಸಬೇಕು. ಆ ಲೆಕ್ಕ ನಮ್ಮಲ್ಲಿ ಎಷ್ಟು ಜನರ ಬಳಿ ಇದೆ?

ಲೆಕ್ಕ ಹಾಕಿ ಮಾತನಾಡುವುದು ಈ ಸೀಮೆಯ ಚಳವಳಿಗೆ ಹೊಸತೇನಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ, 1980ರ ದಶಕದ ಆರಂಭದಲ್ಲಿ, ಶಿರಸಿ ಭಾಗದ ತೋಟಿಗರು ಬರಿಯ ಘೋಷಣೆ ಕೂಗಿ ಕೂರಲಿಲ್ಲ. ತಜ್ಞರನ್ನು ಕರೆಸಿ, ಮುಳುಗುವ ಕಾಡು, ತೋಟ, ಸಾಂಬಾರ ಬೆಳೆಗಳ ಬೆಲೆಯನ್ನೂ ಬರುವ ವಿದ್ಯುತ್ತಿನ ಬೆಲೆಯನ್ನೂ ತಕ್ಕಡಿಯಲ್ಲಿಟ್ಟು ತೂಗಿದರು. 1983ರಲ್ಲಿ ಸಾಲ್ಕಣಿಯ ಜನ ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡಾಗ ಆರಂಭವಾದ ಅಪ್ಪಿಕೋ ಚಳವಳಿಯು ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಮಾತುಗಳನ್ನು ಒಟ್ಟಿಗೆ ಹೇಳಿತು. ಮೂರನೆಯ ಮಾತು ಹಿತಮಿತವಾದ ಬಳಕೆಯನ್ನು ಕುರಿತದ್ದು. ಮೊದಲ ಎರಡನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ, ಮೂರನೆಯದು ಮಸುಕಾಗುತ್ತಿದೆ.

ಇಡೀ ರಾಜ್ಯದ ಮಟ್ಟದಲ್ಲಿಯೂ ಇಂಥ ಲೆಕ್ಕವೊಂದನ್ನು ಕನ್ನಡ ನಾಡಿನ ವಿಜ್ಞಾನಿಯೊಬ್ಬರು ಮಾಡಿ ತೋರಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. 1980ರ ದಶಕದ ಕೊನೆಯಲ್ಲಿ ರಾಜ್ಯಕ್ಕೆ ದೀರ್ಘಾವಧಿಯ ವಿದ್ಯುತ್ ಯೋಜನೆ ಸಿದ್ಧವಾದಾಗ, ಅವರೂ ಸಂಗಡಿಗರೂ ಅದಕ್ಕೆ ಎದುರಾಗಿ ಬೇರೊಂದು ಅಂದಾಜನ್ನು 1991ರಲ್ಲಿ ಪ್ರಕಟಿಸಿದರು. ಎಷ್ಟು ವಿದ್ಯುತ್ ಬೇಕೆಂದು ಕೇಳುವ ಮೊದಲು ಯಾವ ಕೆಲಸಕ್ಕೆ ಬೇಕೆಂದು ಕೇಳಬೇಕು ಎಂಬುದು ಅವರ ವಿಧಾನ. ದೀಪಕ್ಕೆ, ಪಂಪಿಗೆ, ನೀರು ಕಾಯಿಸುವುದಕ್ಕೆ, ಕೈಗಾರಿಕೆಗೆ ಪ್ರತ್ಯೇಕವಾಗಿ ಲೆಕ್ಕ ಹಾಕಿ, ಮಿತವ್ಯಯದ ಉಪಕರಣಗಳನ್ನು ಬಳಸಿದರೆ ಸರಕಾರಿ ಅಂದಾಜಿನ ಅರ್ಧಕ್ಕಿಂತಲೂ ಕಡಿಮೆ ವಿದ್ಯುತ್ತಿನಲ್ಲಿ ರಾಜ್ಯದ ಅಗತ್ಯ ಪೂರೈಸಬಹುದೆಂದು ಅವರು ತೋರಿಸಿದರು. ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ಅವರು ಕೇಳಿದ ಪ್ರಶ್ನೆ ನಮ್ಮ ಮನೆಗಳಿಗೂ ಅನ್ವಯಿಸುತ್ತದೆ.

ಬಚ್ಚಲ ಒಲೆಯಿಂದ ಆರಂಭ

ಮಲೆನಾಡಿನ ಮನೆಯಲ್ಲಿ ಅತಿ ಹೆಚ್ಚು ಇಂಧನ ಬೇಡುವ ಕೆಲಸಗಳಲ್ಲಿ ಸ್ನಾನದ ನೀರು ಕಾಯಿಸುವುದು ಒಂದು. ದೀಪಕ್ಕೂ ಟಿ.ವಿ.ಗೂ ಇದರ ಮುಂದೆ ಲೆಕ್ಕವಿಲ್ಲ. ಐದು ಜನರ ಸಂಸಾರ, ತಲೆಗೆ 20 ಲೀಟರ್ ಬಿಸಿನೀರು ಎಂದಿಟ್ಟುಕೊಳ್ಳೋಣ. 100 ಲೀಟರ್ ನೀರಿನ ಬಿಸಿಯನ್ನು 20 ಡಿಗ್ರಿಯಷ್ಟು ಏರಿಸಲು 2000 ಕಿಲೋಕ್ಯಾಲರಿ ಶಾಖ ಬೇಕು. ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4000 ಕಿಲೋಕ್ಯಾಲರಿ ಇದೆ. ಎಂದರೆ, ಒಂದಿಷ್ಟೂ ಶಾಖ ಪೋಲಾಗದಿದ್ದರೆ ಅರ್ಧ ಕಿಲೋ ಸೌದೆ ಸಾಕು. ಆದರೆ ಹಂಡೆಯ ಸುತ್ತ ತೆರೆದುಕೊಂಡಿರುವ ಹಳೆಯ ಒಲೆಯಲ್ಲಿ ನೂರಕ್ಕೆ ಸುಮಾರು ಹತ್ತು ಪಾಲು ಶಾಖ ಮಾತ್ರ ನೀರಿಗೆ ತಲುಪುತ್ತದೆ. ಹಾಗಾಗಿ ದಿನಕ್ಕೆ 5 ಕಿಲೋ ಸೌದೆ ಉರಿಯುತ್ತದೆ. ವರ್ಷಕ್ಕೆ ಅದು 1800 ಕಿಲೋ ದಾಟುತ್ತದೆ.

ಇದೇ ಹಂಡೆಯನ್ನು ಶಾಖ ಸುತ್ತಿ ಹೊಗೆಗೊಳವೆಯ ಮೂಲಕ ಹೊರಹೋಗುವಂಥ ಒಲೆಯ ಮೇಲೆ ಕೂರಿಸಿದರೆ ನೂರಕ್ಕೆ ಮೂವತ್ತು ಪಾಲು ಶಾಖ ಪಡೆಯಲು ಸಾಧ್ಯ. ಆಗ ವರ್ಷಕ್ಕೆ ಬೇಕಾಗುವುದು ಸುಮಾರು 600 ಕಿಲೋ. ಒಂದು ಮನೆಗೆ 1200 ಕಿಲೋ ಉಳಿತಾಯ. 50 ಮನೆಗಳ ಊರಿಗೆ 60 ಟನ್. ಇಷ್ಟು ಸೌದೆ ಪ್ರತಿ ವರ್ಷ ಸೊಪ್ಪಿನ ಬೆಟ್ಟದಲ್ಲೇ, ಕಾಡಿನಲ್ಲೇ ಉಳಿಯುತ್ತದೆ. ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ಯ ತತ್ತ್ವವೂ ಇದೇ: ಉರಿಯುವ ಜಾಗ ಚಿಕ್ಕದಿರಲಿ, ಕೆಳಗಿನಿಂದ ಗಾಳಿ ಬರಲು ಜಾಲರಿ ಇರಲಿ, ಬಿಸಿ ಹೊಗೆಯು ಒಂದು ಪಾತ್ರೆಯ ತಳದಿಂದ ಮತ್ತೊಂದರ ತಳಕ್ಕೆ ಸಾಗಿ ಕೊನೆಗೆ ಗೊಳವೆ ಸೇರಲಿ. ಅಡಿಕೆ ಬೇಯಿಸುವ ಒಲೆಗೂ ಇದೇ ತತ್ತ್ವವನ್ನು ಅನ್ವಯಿಸಬಹುದು. ಕೆಂಪಡಿಕೆ ಮಾಡುವ ಮನೆಗಳಲ್ಲಿ ಸುಗ್ಗಿಯ ಕೆಲವು ವಾರಗಳಲ್ಲಿ ಉರಿಯುವ ಸೌದೆ ಅಲ್ಪಸ್ವಲ್ಪವಲ್ಲ.

ಒಲೆ ಬದಲಿಸಲು ಈ ವರ್ಷ ಸಾಧ್ಯವಾಗದವರು ಸೌದೆಯನ್ನಾದರೂ ಒಣಗಿಸಬಹುದು. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿ ಮಾಡುವುದಕ್ಕೇ ಬೆಂಕಿಯ ಶಕ್ತಿಯ ಒಂದು ಪಾಲು ವ್ಯಯವಾಗುತ್ತದೆ. ಕಣ್ಣು ಉರಿಸುವ ಹೊಗೆ ಬೇರೆ. ಮಳೆಗಾಲಕ್ಕೆ ಮೊದಲೇ ಸೌದೆಕೊಟ್ಟಿಗೆ ತುಂಬಿಸಿ, ಒಂದು ಬೇಸಿಗೆ ಕಳೆದ ಕಟ್ಟಿಗೆಯನ್ನೇ ಬಳಸುವ ಹಿರಿಯರ ಪದ್ಧತಿಯಲ್ಲಿ ಶುದ್ಧ ವಿಜ್ಞಾನವಿದೆ. ಹೊಗೆಯನ್ನು ಹಗುರವಾಗಿ ಕಾಣುವಂತಿಲ್ಲ. ಅಡುಗೆಮನೆಯ ಹೊಗೆಯ ಪರಿಣಾಮವಾಗಿ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಮುಂದೆ ಕೂರುವವರು ತಾಯಂದಿರು, ಅವರ ಮಡಿಲಲ್ಲಿರುವ ಮಕ್ಕಳು. ಇಂಧನದ ಚರ್ಚೆ ಗಂಡಸರ ಸಭೆಯಲ್ಲೇ ಮುಗಿದುಹೋಗಬಾರದೆಂದು ನಾವು ಹೇಳುವುದು ಇದೇ ಕಾರಣಕ್ಕೆ.

ಸೌದೆಯ ರಗಳೆಯೇ ಬೇಡವೆಂದು ಗೀಸರ್ ಹಾಕಿಸಿಕೊಂಡವರ ಲೆಕ್ಕವನ್ನೂ ನೋಡೋಣ. ಅದೇ 100 ಲೀಟರ್ ನೀರಿಗೆ ದಿನಕ್ಕೆ ಸುಮಾರು 2.3 ಯೂನಿಟ್, ತಿಂಗಳಿಗೆ 70 ಯೂನಿಟ್ ಬೇಕು. ಬೆಟ್ಟದ ಮೇಲಿದ್ದ ಭಾರ ಕಣಿವೆಯ ಮೇಲೆ ಬಿತ್ತೇ ಹೊರತು ಕಡಿಮೆಯಾಗಲಿಲ್ಲ. ಸೌರ ಜಲತಾಪಕವಿದ್ದರೆ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಈ ಕೆಲಸದ ಹೆಚ್ಚು ಪಾಲು ಬಿಸಿಲಿನಿಂದಲೇ ಆಗುತ್ತದೆ. ಮಳೆಗಾಲದಲ್ಲಿ ಆಗುವುದಿಲ್ಲ; ಆಗ ಸುಧಾರಿತ ಒಲೆಯ ಹಂಡೆ ಇರಲೇಬೇಕು. ಮಲೆನಾಡಿಗೆ ಹೊಂದುವುದು ಎರಡೂ ಕೂಡಿದ ವ್ಯವಸ್ಥೆ.

ಕೊಟ್ಟಿಗೆ, ಗೋಬರ್ ಗ್ಯಾಸ್ ಮತ್ತು ತೋಟ

ಶಿರಸಿ ಸೀಮೆಯಲ್ಲಿ ಗೋಬರ್ ಗ್ಯಾಸ್ ಹರಡಿದ ರೀತಿ ದೇಶದ ಗಮನ ಸೆಳೆದ ಸಂಗತಿ. ದೇಶದ ಅನೇಕ ಕಡೆ ಸಹಾಯಧನಕ್ಕಾಗಿ ಕಟ್ಟಿದ ಸ್ಥಾವರಗಳು ಪಾಳು ಬಿದ್ದಿದ್ದಾಗ ಇಲ್ಲಿನವು ನಡೆಯುತ್ತಿದ್ದುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದರು. ಕೊಟ್ಟಿಗೆಯಲ್ಲಿ ದನವಿತ್ತು, ತೋಟಕ್ಕೆ ಗೊಬ್ಬರ ಬೇಕಿತ್ತು, ಕಟ್ಟಬಲ್ಲ ಗಾರೆಯವರೂ ಕೆಟ್ಟರೆ ಸರಿಪಡಿಸುವವರೂ ಹತ್ತಿರದಲ್ಲೇ ಇದ್ದರು. ಇವೆಲ್ಲ ಕೂಡಿದ ಕಡೆ ತಂತ್ರಜ್ಞಾನ ನೆಲೆ ನಿಲ್ಲುತ್ತದೆ.

2 ಘನ ಮೀಟರ್ ಸಾಮರ್ಥ್ಯದ ದೀನಬಂಧು ಮಾದರಿಯ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ, ಅಷ್ಟೇ ನೀರು ಬೇಕು. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 450 ಗ್ರಾಂ ಅಡುಗೆ ಅನಿಲಕ್ಕೆ ಸಮ. ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ 14.2 ಕಿಲೋ ಸಿಲಿಂಡರಿನಷ್ಟು ಇಂಧನವನ್ನು ಅದು 16 ದಿನಗಳಿಗೊಮ್ಮೆ ಕೊಡುತ್ತದೆ. ಚಳಿಯಲ್ಲಿ, ಮಳೆಗಾಲದಲ್ಲಿ ಗುಂಡಿ ತಣ್ಣಗಾಗಿ ಅನಿಲ ಕಡಿಮೆಯಾಗುತ್ತದೆಂಬುದೂ ನಿಜ.

ಕೃಷಿ ವಿಜ್ಞಾನದ ದೃಷ್ಟಿಯಿಂದ ಅನಿಲಕ್ಕಿಂತ ಅದರ ಬಗ್ಗಡವೇ ಹೆಚ್ಚಿನ ಲಾಭ. ಗುಂಡಿಯೊಳಗೆ ಸೆಗಣಿಯ ಇಂಗಾಲದ ಒಂದು ಪಾಲು ಅನಿಲವಾಗಿ ಹೊರಹೋಗುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್‌ಗಳು ಬಗ್ಗಡದಲ್ಲಿ ಉಳಿಯುತ್ತವೆ. ಆದರೆ ಈ ಬಗ್ಗಡವನ್ನು ನಾವು ಬಳಸುವ ರೀತಿಯಲ್ಲಿ ದೋಷವಿದೆ. ಬಿಸಿಲಿಗೆ ಹರಡಿ ಒಣಗಿಸಿದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಮಳೆಗಾಲದಲ್ಲಿ ತೆರೆದ ಗುಂಡಿ ತುಂಬಿ ಹರಿದರೆ ತೋಟಕ್ಕೆ ಸಲ್ಲಬೇಕಾದ ಸಾರ ಹಳ್ಳ ಸೇರಿ ಕುಡಿಯುವ ನೀರನ್ನು ಕೆಡಿಸುತ್ತದೆ. ಬಗ್ಗಡದ ಗುಂಡಿಗೆ ಒಂದು ಮಾಡು, ಒಳಗೆ ದರಕು ಅಥವಾ ಒಣ ಸೋಗೆಯ ಚೂರು: ಇಷ್ಟಿದ್ದರೆ ಬಗ್ಗಡ ಅದರಲ್ಲಿ ಇಂಗಿ ಉತ್ತಮ ಗೊಬ್ಬರವಾಗುತ್ತದೆ.

ಈಗಿನ ತೊಂದರೆ ಬೇರೆ. ಕೊಟ್ಟಿಗೆಯಲ್ಲಿ ದನಗಳು ಕಡಿಮೆಯಾಗುತ್ತಿವೆ. ದುಡಿಯುವ ಕೈಗಳು ಪೇಟೆ ಸೇರಿವೆ. ಸ್ಥಾವರವಿದ್ದೂ ಸೆಗಣಿ ಸಾಲದ ಮನೆಗಳು ಪ್ರತಿ ಊರಿನಲ್ಲಿ ಕಾಣುತ್ತವೆ. ಮಲೆನಾಡು ಗಿಡ್ಡದಂಥ ಚಿಕ್ಕ ತಳಿಯ ಹಸುಗಳಿಂದ ಸಿಗುವ ಸೆಗಣಿಯೂ ಕಡಿಮೆಯೇ. ದೊಡ್ಡ ಗುಂಡಿಯನ್ನು ಅರೆಹೊಟ್ಟೆಯಲ್ಲಿ ನಡೆಸುವ ಬದಲು 1 ಘನ ಮೀಟರಿನ ಚಿಕ್ಕ ಸ್ಥಾವರ ಕಟ್ಟಬಹುದು. ಪಕ್ಕದ ಮನೆಯ ಸೆಗಣಿಯನ್ನು ಸೇರಿಸಿಕೊಂಡು ಅದಕ್ಕೆ ಬದಲಾಗಿ ಬಗ್ಗಡ ಕೊಡುವ ಒಪ್ಪಂದ ಮಾಡಿಕೊಳ್ಳಬಹುದು. ಅಡುಗೆಮನೆಯ ಕಸವನ್ನು ಅರೆದು ಹಾಕಬಹುದು. ನಿಂತುಹೋದ ಸ್ಥಾವರಗಳ ಪಟ್ಟಿ ಮಾಡಿ, ಅವುಗಳಲ್ಲಿ ಯಾವುದನ್ನು ಅಲ್ಪ ಖರ್ಚಿನಲ್ಲಿ ಎಬ್ಬಿಸಬಹುದೆಂದು ನೋಡುವುದು ಹೊಸದನ್ನು ಕಟ್ಟುವುದಕ್ಕಿಂತ ಮೊದಲ ಕೆಲಸ. ಕೊಳವೆಯ ಸೋರಿಕೆಯನ್ನು ಸೋಪಿನ ನೊರೆ ಹಚ್ಚಿ ಪರೀಕ್ಷಿಸಬೇಕು. ಉರಿಯದೆ ಸೋರುವ ಮೀಥೇನ್ ವಾತಾವರಣಕ್ಕೆ ಇಂಗಾಲದ ಡೈಆಕ್ಸೈಡಿಗಿಂತ ಅನೇಕ ಪಟ್ಟು ಹಾನಿಕರ.

ಸೊಪ್ಪಿನ ಬೆಟ್ಟದ ವಿಚಾರವೂ ಇಲ್ಲಿಗೇ ಸೇರುತ್ತದೆ. ಉತ್ತರ ಕನ್ನಡದ ಘಟ್ಟದ ಮೇಲೆ ಅಡಿಕೆ ತೋಟದ ಎಕರೆಯೊಂದಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತನ್ನು ಹಿಂದಿನವರು ಪಡೆದಿದ್ದರು. ಸೊಪ್ಪಿಗೂ ಸೌದೆಗೂ ಒಟ್ಟಿಗೆ ಕತ್ತಿ ಬಿದ್ದ ಬೆಟ್ಟಗಳು ಬೋಳಾಗಿ, ಮಣ್ಣು ಗಟ್ಟಿಯಾಗಿ, ಮಳೆನೀರು ಇಂಗದೆ ಹರಿದುಹೋಗುವುದನ್ನು ನಾವು ಕಾಣುತ್ತಿದ್ದೇವೆ. ಸೌದೆಯ ಹೊರೆ ಇಳಿದರೆ ಬೆಟ್ಟ ಚಿಗುರುತ್ತದೆ. ತರಗೆಲೆ ಹೊದ್ದ ಮಣ್ಣು ನೀರು ಹಿಡಿಯುತ್ತದೆ. ಕೆಳಗಿನ ಅಬ್ಬಿಯಲ್ಲಿ ನೀರು ಇನ್ನಷ್ಟು ದಿನ ನಿಲ್ಲುತ್ತದೆ. ಒಲೆಯನ್ನೂ ತೋಟದ ನೀರನ್ನೂ ಬೇರೆ ಬೇರೆ ವಿಷಯಗಳೆಂದು ಮಲೆನಾಡಿನ ಕೃಷಿಕ ಭಾವಿಸಲಾಗದು.

ಹಳ್ಳದ ನೀರು, ಮಾಡಿನ ಬಿಸಿಲು

ಜೂನ್‌ನಿಂದ ಸೆಪ್ಟೆಂಬರವರೆಗೆ ಮಲೆನಾಡಿನಲ್ಲಿ ಬಿಸಿಲಿಲ್ಲ, ಆದರೆ ಹಳ್ಳಗಳಲ್ಲಿ ನೀರಿದೆ. ಬೇಸಿಗೆಯಲ್ಲಿ ನೀರಿಲ್ಲ, ಆದರೆ ಬಿಸಿಲಿದೆ. ಪ್ರಕೃತಿಯೇ ಮಾಡಿಕೊಟ್ಟ ಈ ಹೊಂದಾಣಿಕೆಯನ್ನು ಮಲೆನಾಡಿನ ಹಲವು ಮನೆಗಳು ಕಿರುಟರ್ಬೈನಿನ ಮೂಲಕ ಬಳಸಿಕೊಂಡಿವೆ. ಇದರ ಲೆಕ್ಕ ಹೈಸ್ಕೂಲು ವಿದ್ಯಾರ್ಥಿಯೂ ಹಾಕಬಲ್ಲಷ್ಟು ಸರಳ. ಕೊಳವೆಯ ನೀರಿಗೆ 20 ಲೀಟರಿನ ಬಕೆಟ್ ಹಿಡಿಯಿರಿ. ಅದು 5 ಸೆಕೆಂಡಿನಲ್ಲಿ ತುಂಬಿದರೆ ಹರಿವು ಸೆಕೆಂಡಿಗೆ 4 ಲೀಟರ್. ನೀರು ಬೀಳುವ ಎತ್ತರ 25 ಮೀಟರ್ ಇದ್ದರೆ ಎರಡನ್ನೂ ಗುಣಿಸಿ, ಬಂದದ್ದನ್ನು 5ರಿಂದ ಗುಣಿಸಿ. ಉತ್ತರ 500 ವಾಟ್. ಅರ್ಧದಷ್ಟು ಶಕ್ತಿ ಕೊಳವೆ ಮತ್ತು ಯಂತ್ರದಲ್ಲಿ ನಷ್ಟವಾಗುತ್ತದೆಂದು ಹಿಡಿದೇ ಈ 5ರ ಅಂಕಿ ಬಂದಿದೆ. 500 ವಾಟ್ ಚಿಕ್ಕದೆನಿಸಬಹುದು. ಆದರೆ ಅದು ಹಗಲಿರುಳೂ ನಡೆಯುವುದರಿಂದ ದಿನಕ್ಕೆ 12 ಯೂನಿಟ್ ಆಯಿತು. ದೀಪ ಆರಿಸಿದ ಮೇಲೆ ಉಳಿಯುವ ವಿದ್ಯುತ್ತನ್ನು ನೀರು ಕಾಯಿಸುವ ಕಾಯಿಲ್‌ಗೆ ತಿರುಗಿಸಿದರೆ ಸ್ನಾನದ ನೀರಿನ ಸೌದೆಯೂ ಉಳಿಯಿತು.

ಇದಕ್ಕೂ ನಿಯಮ ಬೇಕು. ತೆಗೆದ ನೀರು ಅದೇ ಹಳ್ಳಕ್ಕೆ ಮರಳಬೇಕು. ನಡುವಿನ ಹರಿವು ಒಣಗಿ ಮೀನು, ಏಡಿಗಳು ಸಾಯುವಂತಾಗಬಾರದು. ಕೆಳಗಿನ ಮನೆಯವರ ಅಬ್ಬಿ ನೀರಿನ ಹಕ್ಕಿಗೆ ಚ್ಯುತಿ ಬರಬಾರದು. ‘ಕಿರು’ ಎಂಬ ಹೆಸರು ಕೇಳಿದೊಡನೆ ಮೋಸ ಹೋಗುವುದೂ ಸಲ್ಲದು. 25 ಮೆಗಾವಾಟ್‌ವರೆಗಿನ ಯೋಜನೆಗಳನ್ನು ನಮ್ಮ ದೇಶದಲ್ಲಿ ‘ಕಿರು ಜಲವಿದ್ಯುತ್’ ಎಂದೇ ವರ್ಗೀಕರಿಸಲಾಗಿದೆ. ಒಂದು ಮನೆಯ ಅರ್ಧ ಕಿಲೋವಾಟಿಗೂ ಕಾಡು ಸೀಳಿ ರಸ್ತೆ, ನಾಲೆ, ತಂತಿಮಾರ್ಗ ಮಾಡುವ 25 ಮೆಗಾವಾಟಿಗೂ ಐವತ್ತು ಸಾವಿರ ಪಟ್ಟು ಅಂತರವಿದೆ.

ಸೌರ ವಿದ್ಯುತ್ತಿನ ವಿಷಯದಲ್ಲಿ ಕರ್ನಾಟಕಕ್ಕೆ ಒಳ್ಳೆಯ ಅನುಭವವಿದೆ. ಹರೀಶ್ ಹಂದೆಯವರು 1995ರಲ್ಲಿ ಆರಂಭಿಸಿದ ಸೆಲ್ಕೋ ಸಂಸ್ಥೆಯು ಬ್ಯಾಂಕ್ ಸಾಲದ ಕಂತಿನ ಮೂಲಕ ಬಡ ಮನೆಗಳಿಗೂ ಸೌರದೀಪ ತಲುಪಿಸಬಹುದೆಂದು ತೋರಿಸಿತು. 2011ರಲ್ಲಿ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮನೆಯ ಮಾಡಿನ 1 ಕಿಲೋವಾಟಿಗೆ 30,000 ರೂಪಾಯಿ, 2 ಕಿಲೋವಾಟಿಗೆ 60,000, 3 ಕಿಲೋವಾಟ್ ಮತ್ತು ಮೇಲ್ಪಟ್ಟವಕ್ಕೆ 78,000 ರೂಪಾಯಿ ಕೇಂದ್ರದ ಸಹಾಯಧನ ನಿಗದಿಯಾಯಿತು. ಇದನ್ನು ಬಳಸಿಕೊಳ್ಳುವ ಮುನ್ನ ಮಲೆನಾಡಿನವರು ಎರಡು ಮಾತನ್ನು ತಿಳಿದಿರಬೇಕು. ಮೊದಲನೆಯದು, ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ವ್ಯವಸ್ಥೆಯು ಲೈನಿನಲ್ಲಿ ಕರೆಂಟ್ ಹೋದಾಗ ತಾನೂ ನಿಂತುಹೋಗುತ್ತದೆ. ಲೈನ್ ದುರಸ್ತಿ ಮಾಡುವವರ ಪ್ರಾಣರಕ್ಷಣೆಗಾಗಿ ಇರುವ ಏರ್ಪಾಡು ಅದು. ಮಳೆಗಾಲದ ಕತ್ತಲೆಗೆ ದೀಪ ಬೇಕೆಂದಾದರೆ ಬ್ಯಾಟರಿ ಇರುವ ವ್ಯವಸ್ಥೆಯನ್ನೇ ಕೇಳಬೇಕು. ಎರಡನೆಯದು, ಫಲಕದ ಒಂದು ಮೂಲೆಗೆ ತೆಂಗಿನ ಗರಿಯ ನೆರಳು ಬಿದ್ದರೂ ಉತ್ಪಾದನೆ ಗಣನೀಯವಾಗಿ ಕುಗ್ಗುತ್ತದೆ. ಹಾಗೆಂದು ಮನೆಯ ಮರ ಕಡಿಯಬೇಕೆಂದಲ್ಲ. ಅಂಗಳ, ಕೊಟ್ಟಿಗೆ, ಅಡಿಕೆ ಒಣಗಿಸುವ ಚಪ್ಪರದ ಪಕ್ಕ ಮುಂತಾದ ಬಯಲು ಜಾಗವನ್ನು ಹುಡುಕಬೇಕು.

ಉಚಿತದ ಮರೆಯಲ್ಲಿ

2023ರಿಂದ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂತು. 2022–23ರ ಸರಾಸರಿ ಬಳಕೆಗೆ ಅಲ್ಪ ಹೆಚ್ಚುವರಿ ಸೇರಿಸಿ, 200 ಯೂನಿಟ್ ಮಿತಿಯೊಳಗೆ, ಮನೆಬಳಕೆಯ ವಿದ್ಯುತ್ ಉಚಿತವಾಯಿತು. ಬಡ ಸಂಸಾರಗಳಿಗೆ ಇದರಿಂದ ಆದ ನೆಮ್ಮದಿಯನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಉಳಿತಾಯದ ದೃಷ್ಟಿಯಿಂದ ಇದರೊಳಗೆ ಒಂದು ತೊಡಕಿದೆ. ಮೊದಲಿನಿಂದಲೂ ಮಿತವಾಗಿ ಬಳಸಿದವರ ಪಾಲು ಕಡಿಮೆಗೆ ನಿಗದಿಯಾಯಿತು. ಧಾರಾಳವಾಗಿ ಬಳಸಿದವರ ಪಾಲು ಹೆಚ್ಚಿಗೆ ನಿಗದಿಯಾಯಿತು. ಪಾಲಿನೊಳಗೆ ಉಳಿಸಿದ ಯೂನಿಟ್ಟಿಗೆ ಯಾವ ಪ್ರತಿಫಲವೂ ಇಲ್ಲ. ಉಳಿಸಿದವರಿಗೂ ಒಂದಿಷ್ಟು ಲಾಭ ದೊರೆಯುವಂತೆ ಯೋಜನೆಯನ್ನು ತಿದ್ದಬೇಕೆಂಬುದು ನಮ್ಮ ಒತ್ತಾಯ. ತಿದ್ದುವವರೆಗೆ ನಾವು ನೆನಪಿಡಬೇಕಾದದ್ದು ಒಂದೇ: ಬಿಲ್ಲಿನಲ್ಲಿ ಸೊನ್ನೆ ಎಂದಿದ್ದರೂ ಆ ಯೂನಿಟ್ಟಿಗಾಗಿ ಎಲ್ಲೋ ನೀರು ಬಿದ್ದಿದೆ, ಎಲ್ಲೋ ಕಲ್ಲಿದ್ದಲು ಉರಿದಿದೆ.

2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಿಂದ ಎಲ್.ಇ.ಡಿ. ಬಲ್ಬುಗಳು ಅಗ್ಗವಾಗಿ ಮನೆಮನೆ ಸೇರಿವೆ. 60 ವಾಟಿನ ಹಳೆಯ ಬಲ್ಬಿನ ಕೆಲಸವನ್ನು 9 ವಾಟಿನ ಎಲ್.ಇ.ಡಿ. ಮಾಡುತ್ತದೆ. ಬಲ್ಬಿನ ಪಾಠ ಬಹುತೇಕ ಮುಗಿಯಿತು. ಉಳಿದಿರುವುದು ಗೀಸರ್, ಹಳೆಯ ಫ್ರಿಜ್, ಹಳೆಯ ಫ್ಯಾನ್ ಮತ್ತು ಪಂಪು. 75 ವಾಟಿನ ಹಳೆಯ ಫ್ಯಾನು 12 ತಾಸು ತಿರುಗಿದರೆ 0.9 ಯೂನಿಟ್, 30 ವಾಟಿನ ಹೊಸ ಬಗೆಯ ಫ್ಯಾನಿಗೆ ಸಾಕಾಗುವುದು 0.36 ಯೂನಿಟ್. ನೀರಿನ ಟ್ಯಾಂಕ್ ತುಂಬಿ ಹರಿಯುವವರೆಗೆ ಪಂಪು ಓಡಿಸುವುದು, ಕಿರಿದಾದ ಹಳೆಯ ಕಬ್ಬಿಣದ ಕೊಳವೆಯಲ್ಲಿ ನೀರೆತ್ತುವುದು, ಸೋರುವ ಫುಟ್‌ವಾಲ್ವನ್ನು ಹಾಗೆಯೇ ಬಿಡುವುದು ಇವೆಲ್ಲ ಕಣ್ಣಿಗೆ ಕಾಣದ ನಷ್ಟಗಳು. ಮೇಲಿನ ಅಬ್ಬಿಯಿಂದ ಇಳಿಜಾರಿನಲ್ಲಿ ತಾನಾಗಿ ಬರುವ ನೀರನ್ನು ಬಿಟ್ಟು ಕೆಳಗಿನ ಬಾವಿಗೆ ಪಂಪು ಕೂರಿಸಿದ ಮನೆಗಳೂ ಇವೆ. ಅಂಥವರು ಹಳೆಯ ದಾರಿಯತ್ತ ಮತ್ತೊಮ್ಮೆ ನೋಡುವುದು ಒಳಿತು.

ಊರಿನ ಇಂಧನ ಪುಸ್ತಕ

ಇಷ್ಟನ್ನೂ ಒಬ್ಬೊಬ್ಬರೇ ಮಾಡಲು ಹೊರಟರೆ ಉತ್ಸಾಹ ಒಂದು ಮಳೆಗಾಲಕ್ಕೆ ಮುಗಿಯುತ್ತದೆ. ಅಡಿಕೆ ಕೊಯ್ಲಿಗೆ, ಮಾಡು ಹೊದಿಸುವುದಕ್ಕೆ ಮುಯ್ಯಾಳು ಕಟ್ಟಿದ ಜನ ನಾವು. ಒಲೆ ಕಟ್ಟುವುದಕ್ಕೂ ಅದೇ ರೀತಿ ಸಾಧ್ಯ. ಪ್ರತಿ ಊರಿನಿಂದ ಇಬ್ಬರು ಗಾರೆಯವರು ಹೊಗೆಗೊಳವೆಯ ಒಲೆ ಕಟ್ಟಲು ಕಲಿಯಲಿ. ಇಬ್ಬರು ಯುವಕ ಯುವತಿಯರು ಸೌರದೀಪ, ಗೋಬರ್ ಗ್ಯಾಸ್ ಬರ್ನರ್ ಮತ್ತು ಕಿರುಟರ್ಬೈನುಗಳ ದುರಸ್ತಿ ಕಲಿಯಲಿ. ಕೆಟ್ಟ ಬ್ಯಾಟರಿಗಳು ಹಳ್ಳಕ್ಕೆ ಬೀಳದಂತೆ ಒಟ್ಟುಗೂಡಿಸಿ ಮಾರಾಟಗಾರರಿಗೆ ಮರಳಿಸುವ ಹೊಣೆಯನ್ನು ಸಂಘವೊಂದು ಹೊರಲಿ. ಬೆಳೆಸಾಲ ಕೊಡುವ ನಮ್ಮ ಸಹಕಾರಿ ಸಂಘಗಳು ಸುಧಾರಿತ ಒಲೆಗೂ ಸೌರ ಜಲತಾಪಕಕ್ಕೂ ಸುಗ್ಗಿಯಲ್ಲಿ ತೀರಿಸುವಂಥ ಸಣ್ಣ ಸಾಲ ಕೊಡಲಿ.

ಈ ಕೆಲಸದಲ್ಲಿ ತೋಟವಿಲ್ಲದವರನ್ನು ಮರೆಯಬಾರದು. ದನವಿಲ್ಲದ, ಬೆಟ್ಟದ ಸವಲತ್ತಿಲ್ಲದ ಕೂಲಿ ಕುಟುಂಬಗಳು ಕಾಡಿನ ಪುಳ್ಳೆಯನ್ನೇ ನಂಬಿವೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ಸಿಲಿಂಡರ್ ಮನೆಗೆ ಬಂದಿದ್ದರೂ ಮರುಪೂರಣದ ಹಣ ಹೊಂದಿಸುವುದು ಅವರಿಗೆ ಸುಲಭವಲ್ಲ. ಅವರ ತಲೆಹೊರೆಯ ಸೌದೆಯನ್ನು ಕಾಡಿನ ನಾಶವೆಂದು ದೂರುತ್ತ, ನಮ್ಮ ಅಡಿಕೆ ಒಲೆಯ ಲಾರಿಗಟ್ಟಲೆ ಸೌದೆಯನ್ನು ಸಂಪ್ರದಾಯವೆಂದು ಕರೆಯುವುದು ನ್ಯಾಯವಲ್ಲ. ಸುಧಾರಿತ ಒಲೆ ಮೊದಲು ಅವರ ಮನೆಗೆ ಹೋಗಲಿ. ಅದರ ಖರ್ಚಿನ ಒಂದು ಭಾಗವನ್ನು ಊರು ಹೊರಲಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ನಿರ್ದಿಷ್ಟ ಕೆಲಸವಿದೆ. ಒಂದು ತಕ್ಕಡಿ, ಒಂದು ನೋಟ್‌ಪುಸ್ತಕ ಸಾಕು. ತಮ್ಮ ಕೇರಿಯ ಹತ್ತು ಮನೆಗಳಲ್ಲಿ ಒಂದು ವಾರ ದಿನದ ಸೌದೆಯನ್ನು ತೂಗಿ ಬರೆಯಿರಿ. ಪ್ರತಿ ತಿಂಗಳ ಮೊದಲ ದಿನ ಮೀಟರ್ ಓದಿ ಬರೆಯಿರಿ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿಣುಕುವ ಕೆಂಪು ದೀಪವೊಂದಿದೆ. ಯೂನಿಟ್ಟಿಗೆ ಎಷ್ಟು ಮಿಣುಕು ಎಂಬುದು ಮೀಟರಿನ ಮೇಲೆಯೇ ಮುದ್ರಿತವಾಗಿರುತ್ತದೆ. ಅದು 3200 ಎಂದಿದ್ದು, ಉಳಿದೆಲ್ಲ ಆರಿಸಿ ಒಂದು ಫ್ಯಾನು ಮಾತ್ರ ಹಾಕಿದಾಗ ನಿಮಿಷಕ್ಕೆ 4 ಸಲ ಮಿಣುಕಿದರೆ ಆ ಫ್ಯಾನು 75 ವಾಟಿನದು. ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿಣುಕುತ್ತಿದ್ದರೆ ಎಲ್ಲೋ ಏನೋ ಬಳಕೆಯಾಗುತ್ತಿದೆ, ಅದನ್ನು ಹುಡುಕಿ. ಪದವಿ ಪಡೆದವರಿಗೂ ಪ್ರಯೋಗಾಲಯದಲ್ಲಿ ಸಿಗದ ತಿಳಿವಳಿಕೆ ಇದರಿಂದ ಸಿಗುತ್ತದೆ.

ಇದೆಲ್ಲದರಿಂದ ಬೆಂಗಳೂರಿನ ಬೇಡಿಕೆ ಇಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಇಳಿಯುವುದಿಲ್ಲ. ಮಲೆನಾಡಿನ ಎಲ್ಲ ಮನೆಗಳು ಸೇರಿ ಉಳಿಸಿದರೂ ನಗರಗಳ ಹವಾನಿಯಂತ್ರಿತ ಕಟ್ಟಡಗಳ, ಕೈಗಾರಿಕೆಗಳ ಹಸಿವಿಗೆ ಅದು ಉತ್ತರವಾಗದು. ಆ ಉತ್ತರವನ್ನು ನಗರಗಳೇ ಹುಡುಕಬೇಕು, ಸರಕಾರ ಹುಡುಕಿಸಬೇಕು. ಸೌದೆ ಉಳಿಸಿದ ಪುಣ್ಯದಿಂದ ಕಣಿವೆ ತಾನಾಗಿ ಉಳಿಯುತ್ತದೆಂಬ ಭ್ರಮೆ ನಮಗಿಲ್ಲ. ಹೋರಾಟಕ್ಕೆ ಮನೆಗೆಲಸ ಪರ್ಯಾಯವೂ ಅಲ್ಲ. ಆದರೆ ನಗರದ ಬಳಕೆಯನ್ನು ಪ್ರಶ್ನಿಸುವ ನೈತಿಕ ಹಕ್ಕು ತನ್ನ ಬಳಕೆಯನ್ನು ಅಳೆದವನಿಗೆ ಹೆಚ್ಚು. ಎಷ್ಟು ಬೇಕು, ಯಾವುದಕ್ಕೆ ಬೇಕು ಎಂದು ತನ್ನ ಮನೆಯಲ್ಲಿ ಕೇಳಿದ ಊರು ಅದೇ ಪ್ರಶ್ನೆಯನ್ನು ವಿದ್ಯುತ್ ನಿಗಮದ ಮುಂದೆ ಧೈರ್ಯದಿಂದ ಇಡಬಲ್ಲದು.

ಡಿಸೆಂಬರ್ 14ನ್ನು ದೇಶದಲ್ಲಿ ಇಂಧನ ಸಂರಕ್ಷಣಾ ದಿನವೆಂದು ಆಚರಿಸಲಾಗುತ್ತದೆ. ಮಲೆನಾಡಿನ ಊರುಗಳು ಆ ದಿನ ಭಾಷಣದ ಬದಲು ತಮ್ಮ ಇಂಧನ ಪುಸ್ತಕದ ಮೊದಲ ಪುಟ ಬರೆಯಲಿ: ಮನೆಗಳೆಷ್ಟು, ಹೊಗೆಗೊಳವೆ ಇಲ್ಲದ ಒಲೆಗಳೆಷ್ಟು, ನಿಂತ ಗೋಬರ್ ಗ್ಯಾಸ್ ಸ್ಥಾವರಗಳೆಷ್ಟು, ಮಳೆಗಾಲದಲ್ಲಿ ಹರಿಯುವ ಹಳ್ಳಗಳೆಷ್ಟು. ಮುಂದಿನ ವರ್ಷ ಅದೇ ದಿನ ಎರಡನೆಯ ಪುಟ ಬರೆಯಲಿ. ಎರಡೂ ಪುಟಗಳ ಅಂತರವೇ ನಮ್ಮ ಕೆಲಸದ ಅಳತೆ. ಮುಂದಿನ ಅಹವಾಲು ಸಭೆಗೆ ಹೋಗುವಾಗ ಮನವಿಪತ್ರದೊಂದಿಗೆ ಆ ಪುಸ್ತಕವೂ ನಮ್ಮ ಕೈಯಲ್ಲಿರಲಿ.